ಪೆನ್ಸಿಲ್ ಗೆರೆ ಬಿದ್ದದ್ದು ಯಾವ ಸಾಲಿಗೆ?

ಪ್ರಶ್ನೆ: ಮೇಡಂ, ನಾವು ಧಾರವಾಡದವರು. ಏಳು ವರ್ಷದಿಂದ ಟೋಕಿಯೋದ ನಿಶಿಕಸಾಯ್‌ನಲ್ಲಿದ್ದೇವೆ. ಮಗಳಿಗೆ 14 ವರ್ಷ, ಇಲ್ಲಿನ ಸರ್ಕಾರಿ ಜೂನಿಯರ್ ಹೈಸ್ಕೂಲಿನಲ್ಲಿ ಎರಡನೇ ವರ್ಷ. ಅವಳಿಗೆ ಜಪಾನಿ ನೀರು ಕುಡಿದಂತೆ. ನನಗೆ ಅಂಗಡಿ, ಆಸ್ಪತ್ರೆಗೆ ಸಾಕಾಗುವಷ್ಟು. ಎರಡು ತಿಂಗಳಿಂದ ಕೇಗೊ ಹಿಗಾಶಿನೊ ಬರೆದ 'ಅಕುಇ' ಎಂಬ ಕೊಲೆಯ ಕಾದಂಬರಿಯನ್ನು ಕೈಬಿಡುತ್ತಿಲ್ಲ. ಒಮ್ಮೆ ಮುಗಿಸಿ ಮತ್ತೆ ಮೊದಲಿಂದ ಶುರು ಮಾಡಿದ್ದಾಳೆ. ಹಾಸಿಗೆ ಕೊಡವುವಾಗ ಪುಸ್ತಕ ತೆರೆದು ನೋಡಿದೆ, ಅಲ್ಲಲ್ಲಿ ಪೆನ್ಸಿಲ್ ಗೆರೆ. ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಕೊಂಡೆ. ಕೊಲೆಯ ಪುಟಗಳಿಗೆ ಒಂದು ಗೆರೆಯೂ ಇಲ್ಲ. ಶಾಲೆಯಲ್ಲಿ ಒಬ್ಬ ಹುಡುಗನನ್ನು ಉಳಿದವರು ಪೀಡಿಸಿದ್ದನ್ನು ಹಳೆಯ ಸಹಪಾಠಿಗಳು ನೆನೆಸಿಕೊಳ್ಳುವ ಕಡೆ ಮಾತ್ರ ಇವೆ. "ಯಾರಾದ್ರೂ ನಿನಗ ತ್ರಾಸು ಕೊಡ್ತಾರೇನು?" ಅಂತ ಮೂರು ಸಲ ಕೇಳಿದೆ. ಇಲ್ಲ ಅಂತಾಳೆ. ಇದನ್ನೇ ಯಾಕೆ ಓದ್ತಿ ಅಂದರೆ "ಸುಮ್ನ". ಇಂಗ್ಲಿಷ್ ಅನುವಾದ ತರಿಸಿ ನಾನೂ ಓದಿದೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯವರು "ಬರೇ ಕಥಿ ಅದ, ಬಿಡು" ಅಂತಾರೆ. ಅತ್ತೆಯವರು ಊರಿಂದ ಫೋನಿನಲ್ಲಿ "ಹುಡುಗಿ ಕೈಯಾಗ ಕೊಲಿ ಪುಸ್ತಕ ಯಾಕ ಕೊಟ್ಟೀರಿ" ಅಂತ ಬೈದರು. ಜಪಾನಿನ ಶಾಲೆಗಳಲ್ಲಿ ಇದು ವಿಪರೀತವಂತೆ. ಪುಸ್ತಕ ತೆಗೆದಿಡಲೇ? ಶಾಲೆಗೆ ಹೋಗಿ ಕೇಳಲೇ? ಭಾರತೀಯ ಶಾಲೆಗೆ ಸೇರಿಸಿಬಿಡಲೇ? ಬೇಸಿಗೆ ರಜೆ ಶುರುವಾಗಲು ಇನ್ನು ಹತ್ತು ದಿನವಿದೆ.

ಉತ್ತರ: ಮೊದಲು ಅವಸರದ ಉತ್ತರ ಕೊಟ್ಟುಬಿಡುತ್ತೇನೆ. ಪುಸ್ತಕ ತೆಗೆದಿಡಬೇಡಿ. ನಾಳೆ ಬೆಳಿಗ್ಗೆಯೇ ಶಾಲೆಗೂ ಓಡಬೇಡಿ. ಪತ್ರದಲ್ಲಿ ನೀವು ಬರೆದಷ್ಟೇ ಇದ್ದರೆ ಉಸಿರಾಡಲು ಸಮಯವಿದೆ. ಬರೆಯದ ಯಾವುದೋ ಇದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತಿದ್ದರೆ, "ನಾನಿಲ್ಲದಿದ್ದರೆ" ಎಂಬಂಥ ಮಾತು ಬಂದಿದ್ದರೆ, ಈ ಉತ್ತರದ ಕೊನೆಯ ಭಾಗವನ್ನು ಮೊದಲು ಓದಿ.

ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ತೊಡರಿಕೊಂಡಿವೆ. ಕೊಲೆಯ ಕಥೆ ಓದಿ ಮಗಳ ಮನಸ್ಸು ಕೆಡುತ್ತದೆಯೇ ಎಂಬುದು ಒಂದು. ಅವಳನ್ನು ಶಾಲೆಯಲ್ಲಿ ಯಾರೋ ಪೀಡಿಸುತ್ತಿದ್ದಾರೆ ಎಂಬುದು ಎರಡು. ನಾವು ಬಂದು ನಿಂತ ದೇಶವೇ ಹೀಗೇನೋ ಎಂಬುದು ಮೂರು. ಮೊದಲನೆಯದು ಹೆಚ್ಚುಕಡಿಮೆ ಹುರುಳಿಲ್ಲದ್ದು, ಮೂರನೆಯದು ಅರ್ಧ ನಿಜ. ಎರಡನೆಯದರಲ್ಲಿ ನೀವು ಕೇಳಿದ ಪ್ರಶ್ನೆಯೇ ಕಿರಿದಾಯಿತೇನೋ ಅಂತ ನನ್ನ ಗುಮಾನಿ.

ನಾನು ಯೋಕೊಹಾಮಾದಲ್ಲಿ ಎಂಟು ವರ್ಷ ಭಾರತೀಯ ಕುಟುಂಬಗಳ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದವಳು. ಆ ಕಾದಂಬರಿಯನ್ನು ಓದಿದ್ದೂ ಒಬ್ಬ ಹುಡುಗನ ಒತ್ತಾಯಕ್ಕೇ. ಅದರ ವಿಷಯವನ್ನೇ ಮೊದಲು ಮಾತಾಡೋಣ, ಯಾಕೆಂದರೆ ನಿಮ್ಮ ಮಗಳು ಮಾತಾಡುತ್ತಿರುವುದು ಅದರ ಮೂಲಕ. ಓದದವರು ಈ ಕಡೆ ಕಣ್ಣಾಡಿಸುತ್ತಿದ್ದರೆ ಕ್ಷಮಿಸಿ, ಗುಟ್ಟು ಬಿಡಿಸದೆ ಉತ್ತರ ಹೇಳಲಾಗದು.

'ಅಕುಇ' ಅಂದರೆ ಕೆಟ್ಟ ಮನಸ್ಸು, ಕೇಡು ಬಯಸುವ ಬುದ್ಧಿ. 1996ರಲ್ಲಿ ಬಂದ ಕಾದಂಬರಿ. ಹೆಸರಾಂತ ಲೇಖಕನೊಬ್ಬ ಕೊಲೆಯಾಗುತ್ತಾನೆ. ಕೊಂದವನು ಅವನ ಬಾಲ್ಯದ ಗೆಳೆಯ. ಇದು ಪುಸ್ತಕ ಅರ್ಧ ಮುಟ್ಟುವ ಮೊದಲೇ ಬಯಲಾಗುತ್ತದೆ, ಅವನು ಒಪ್ಪಿಕೊಂಡೂ ಬಿಡುತ್ತಾನೆ. ಬೇರೆ ಪತ್ತೇದಾರಿ ಕಥೆಯಾಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ಇಲ್ಲಿ ಯಾರು ಎಂಬುದು ಗೊತ್ತಾದ ಮೇಲೆ ಯಾಕೆ ಎಂಬ ಹುಡುಕಾಟ ಶುರುವಾಗುತ್ತದೆ. ಜಪಾನಿನಲ್ಲಿ ಈ ಬಗೆಯ ಬರವಣಿಗೆಗೆ ದೊಡ್ಡ ಪರಂಪರೆಯಿದೆ. 1950ರ ದಶಕದ ಕೊನೆಯಲ್ಲಿ ಲೇಖಕ ಸೆಇಚೊ ಮತ್ಸುಮೊತೊ ಕೊಲೆಯ ತಂತ್ರಕ್ಕಿಂತ ಕೊಲೆಗೆ ತಳ್ಳಿದ ಸಮಾಜವನ್ನು ಬರೆಯಬೇಕೆಂದು ಪಟ್ಟು ಹಿಡಿದ ಮೇಲೆ ಅಲ್ಲಿನ ಓದುಗರು ಕೊಲೆಗಾರನ ಹೆಸರಿನಷ್ಟಕ್ಕೇ ತೃಪ್ತರಾಗುವುದಿಲ್ಲ.

ಈ ಕಥೆಯ ಕೊಲೆಗಾರನ ಜಾಣತನ ಎಲ್ಲಿದೆ ನೋಡಿ. ಪೊಲೀಸರಿಗೆ ಬೇಕಾದ ಕಾರಣವನ್ನು ಅವನೇ ಹೊಲಿದು ಇಟ್ಟಿದ್ದಾನೆ. ಸತ್ತವನು ತನ್ನ ಬರಹ ಕದ್ದ, ತನ್ನನ್ನು ಹೆದರಿಸಿ ದುಡಿಸಿಕೊಂಡ ಎಂದು ನಂಬಿಸುವ ಸಾಕ್ಷ್ಯಗಳು ಒಂದೊಂದಾಗಿ ಸಿಗುವಂತೆ ಮಾಡಿದ್ದಾನೆ. ಪುಸ್ತಕದ ಆರಂಭದಲ್ಲೇ ಒಂದು ಬೆಕ್ಕು ಸಾಯುತ್ತದೆ, ಅದಕ್ಕೆ ವಿಷ ಇಟ್ಟವನು ಆ ಲೇಖಕ ಎಂದು ನಮಗೆ ಅನಿಸುತ್ತದೆ. ಅಷ್ಟು ಸಾಕು. ಮುಂದೆ ಅವನ ಬಗ್ಗೆ ಯಾವ ಕೆಟ್ಟ ಮಾತು ಬಂದರೂ "ಹೌದಿರಬಹುದು, ಬೆಕ್ಕು ಕೊಂದವನಲ್ಲವೇ" ಎಂದು ಓದುಗರು ಒಪ್ಪುತ್ತಾ ಹೋಗುತ್ತಾರೆ. ನಾನೂ ಒಪ್ಪಿದ್ದೆ. ಆ ಬೆಕ್ಕಿನ ಕಥೆ ಕೊಲೆಗಾರ ಬರೆದ ಟಿಪ್ಪಣಿಯಲ್ಲಿತ್ತು ಎಂಬುದು ಮರೆತೇ ಹೋಗಿರುತ್ತದೆ.

ನಿಜ ಕಾರಣಕ್ಕೆ ಬೇರು ಅವರ ಶಾಲೆಯ ದಿನಗಳಲ್ಲಿದೆ. ಸತ್ತವನನ್ನು ಶಾಲೆಯಲ್ಲಿ ಪೀಡಿಸುತ್ತಿದ್ದರು. ಅವನು ಬಗ್ಗಲಿಲ್ಲ, ಗೆಳೆಯನ ಮೇಲೆ ಕೆಂಡ ಕಾರಲೂ ಇಲ್ಲ. ಗೆಳೆಯನಾದರೋ ಹೆದರಿ ಪೀಡಿಸುವವರ ಗುಂಪನ್ನೇ ಸೇರಿದ್ದ. ಒಬ್ಬ ಎದುರಿಸಿ ನಿಂತ, ಇನ್ನೊಬ್ಬ ಕಾಲಿಗೆ ಬಿದ್ದ. ಇದು ಇಬ್ಬರಿಗೂ ಗೊತ್ತು. ಕನ್ನಡದಲ್ಲಿ 'ಕರುಬು' ಎಂಬ ಹಳೆಯ ಪದವಿದೆ, ಈಗ ಯಾರೂ ಅಷ್ಟಾಗಿ ಬಳಸುವುದಿಲ್ಲ. ಹೊಟ್ಟೆಕಿಚ್ಚು ಅಂದರೆ ಪಕ್ಕದ ಮನೆಯ ಕಾರು ನೆನಪಾಗುತ್ತದೆ. ಕರುಬು ಅದಕ್ಕಿಂತ ಒಳಗಿನದು. ನನ್ನ ಹೇಡಿತನವನ್ನು ಕಂಡವನು, ಕಂಡೂ ನನಗೆ ಒಳ್ಳೆಯದನ್ನೇ ಮಾಡಿದವನು ಕಣ್ಣೆದುರು ಇರುವುದೇ ಸಹಿಸಲಾಗದ ಸ್ಥಿತಿ. ಉಪಕಾರ ಮಾಡಿದವರನ್ನೇ ದ್ವೇಷಿಸುವುದು ವಿಚಿತ್ರ ಎಂದು ನೀವು ಬರೆದಿಲ್ಲವಾದರೂ ನಿದ್ದೆ ಕೆಡಿಸಿದ್ದು ಅದೇ ಇರಬೇಕು. ನನ್ನ ಕೋಣೆಯಲ್ಲಿ ಅದು ಅಷ್ಟೇನೂ ಅಪರೂಪದ ಭಾವನೆಯಲ್ಲ. ಅಲ್ಲಿಂದ ಕೊಲೆಯವರೆಗೆ ಹೋಗುವವರು ಕಾದಂಬರಿಯಲ್ಲಿ ಸಿಗುತ್ತಾರೆ. ಮನೆಗಳಲ್ಲಿ ಅದು ಫೋನ್ ಎತ್ತದಿರುವುದಾಗಿ, ಮದುವೆಗೆ ಕರೆಯದಿರುವುದಾಗಿ ಬದುಕುತ್ತದೆ.

ಈಗ ನಿಮ್ಮ ಮಗಳ ಪೆನ್ಸಿಲ್ ಗೆರೆ. ಅವಳು ಗುರುತು ಹಾಕಿದ್ದು ಪೀಡನೆಯನ್ನು ಬೇರೆಯವರು ನೆನೆಯುವ ಭಾಗಕ್ಕೆ ಅಂದಿರಿ. ಆ ಭಾಗದಲ್ಲಿ ಮಾತಾಡುವವರು ಪೀಡೆಗೆ ಒಳಗಾದವರಲ್ಲ. ಪಕ್ಕದಲ್ಲಿದ್ದವರು, ನೋಡಿದವರು, ಮರೆತವರು, "ನಾನೇನೂ ಮಾಡಲಿಲ್ಲ" ಎನ್ನುವವರು. ನೀವು ಮೂರು ಸಲ ಕೇಳಿದ್ದು ಒಂದೇ ಪ್ರಶ್ನೆ: ನಿನಗೆ ಯಾರಾದರೂ ತ್ರಾಸು ಕೊಡುತ್ತಾರೇನು? "ಇಲ್ಲ" ಎಂಬ ಉತ್ತರ ಪೂರ್ತಿ ನಿಜವಿರಬಹುದು. ಬೇರೊಬ್ಬಳಿಗೆ ತ್ರಾಸಾಗುವುದನ್ನು ಅವಳು ದಿನಾ ನೋಡುತ್ತಿರಬಹುದು. ನಕ್ಕಿರಬಹುದು. ಗುಂಪು ಹೇಳಿದಂತೆ ಒಮ್ಮೆ ಏನೋ ಮಾಡಿಯೂ ಇರಬಹುದು. ತನಗೆ ಸಹಾಯ ಮಾಡಿದ ಗೆಳತಿಯ ಪರ ನಿಲ್ಲಲಾಗದೆ ಹೋಗಿರಬಹುದು. ಇದೇ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಪ್ರಶ್ನೆಗೆ ಇದ್ದದ್ದು ಒಂದೇ ಬಾಗಿಲು, ಅವಳು ನಿಂತಿರುವುದು ಬೇರೆ ಕಡೆ ಇರಬಹುದು, ಅಷ್ಟೇ.

ಸಮಾಜಶಾಸ್ತ್ರಜ್ಞ ಯೋಜಿ ಮೊರಿತಾ 1980ರ ದಶಕದಲ್ಲೇ ಜಪಾನಿನ ತರಗತಿಗಳನ್ನು ಅಧ್ಯಯನ ಮಾಡಿ ಇದನ್ನು ನಾಲ್ಕು ಪದರವಾಗಿ ಬಿಡಿಸಿದರು. ಪೀಡಿಸುವವರು, ಪೀಡೆಗೆ ಒಳಗಾದವರು, ನಕ್ಕು ಹುರಿದುಂಬಿಸುವ ಪ್ರೇಕ್ಷಕರು, ಕಂಡೂ ಕಾಣದಂತಿರುವವರು. ಪೀಡನೆ ಎಷ್ಟು ಬೆಳೆಯುತ್ತದೆ ಎಂಬುದಕ್ಕೆ ಪೀಡಿಸುವವರ ಸಂಖ್ಯೆಗಿಂತ ಈ ಕೊನೆಯವರ ಸಂಖ್ಯೆಯೇ ಹೆಚ್ಚು ಸುಳಿವು ಕೊಡುತ್ತದೆ ಎಂದರು. ಪದರಗಳ ನಡುವೆ ಗೋಡೆಯಿಲ್ಲ. ಅಲ್ಲಿನ ರಾಷ್ಟ್ರೀಯ ಶಿಕ್ಷಣ ನೀತಿ ಸಂಶೋಧನಾ ಸಂಸ್ಥೆ ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಕೇಳಿದಾಗ, ಗುಂಪಿನಿಂದ ಹೊರಗಿಡುವುದು, ಮಾತು ಬಿಡುವುದು, ಬೆನ್ನ ಹಿಂದೆ ಆಡಿಕೊಳ್ಳುವುದು ಇವುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಒಮ್ಮೆಯಾದರೂ ಅನುಭವಿಸಿದವರು, ಒಮ್ಮೆಯಾದರೂ ಮಾಡಿದವರೂ ಹತ್ತರಲ್ಲಿ ಸುಮಾರು ಒಂಬತ್ತು. ಹೆಚ್ಚಿನವರು ಎರಡೂ ಕಡೆ ನಿಂತವರು.

ಅಲ್ಲಿ ಮಾತು ಬಿಡುವುದಕ್ಕೆ 'ಶಿಕಾತೊ' ಎನ್ನುತ್ತಾರೆ. ಹಾನಾಫುದಾ ಎಂಬ ಇಸ್ಪೀಟಿನಂಥ ಆಟದಲ್ಲಿ ಹತ್ತನೇ ತಿಂಗಳ ಕಾರ್ಡಿನ ಮೇಲೆ ಒಂದು ಜಿಂಕೆಯಿದೆ. ಕೆಂಪು ಮೇಪಲ್ ಎಲೆಗಳ ಕೆಳಗೆ ನಿಂತು ಮುಖವನ್ನು ಆಚೆ ತಿರುಗಿಸಿಕೊಂಡಿರುತ್ತದೆ. ಶಿಕಾ ಅಂದರೆ ಜಿಂಕೆ, ತೊ ಅಂದರೆ ಹತ್ತು. ನನಗೆ 'ಅಕುಇ' ಓದಿಸಿದ ಆ ಹುಡುಗ ಪುಸ್ತಕದ ಜೊತೆ ಈ ಕಾರ್ಡನ್ನೂ ತಂದು ತೋರಿಸಿದ್ದ. "ಇಡೀ ಕ್ಲಾಸು ಈ ಜಿಂಕೆ" ಅಂದ. ಅವನನ್ನು ಪೀಡಿಸುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ, ಅಪ್ಪ ಅಮ್ಮನೂ ಹಾಗೇ ತಿಳಿದಿದ್ದರು. ಇನ್ನೊಬ್ಬ ಹುಡುಗನ ಉವಾಬಾಕಿಯನ್ನು, ಅದೇ ಶಾಲೆಯ ಒಳಗೆ ಹಾಕಿಕೊಳ್ಳುವ ಬಿಳಿ ಬೂಟನ್ನು, ಕಸದ ಬುಟ್ಟಿಗೆ ಹಾಕಿದವರಲ್ಲಿ ಇವನೂ ಒಬ್ಬ ಎಂದು ಐದನೇ ಭೇಟಿಯಲ್ಲಿ ಗೊತ್ತಾಯಿತು. ತಾನು ವಿದೇಶಿ, ಮುಂದಿನ ಸರದಿ ತನ್ನದು ಎಂಬ ಭಯದಲ್ಲಿ ಮಾಡಿದ್ದ. ನಾನು ಅಷ್ಟರೊಳಗೆ ತಪ್ಪು ಮಾಡಿಯಾಗಿತ್ತು. ತಕ್ಷಣ ಶಾಲೆಗೆ ದೂರು ಕೊಡಿ ಎಂದು ತಂದೆತಾಯಿಗೆ ಹೇಳಿದ್ದೆ. ಶಾಲೆಯವರು ಎಲ್ಲರನ್ನೂ ಕೂರಿಸಿ ಕ್ಷಮೆ ಕೇಳುವ ಸಭೆ ಮಾಡಿದರು, ಕೈ ಕುಲುಕಿಸಿದರು, ಹುಡುಗ ಇನ್ನೂ ಮುದುಡಿದ. ತಾನು ಮಾಡಿದ್ದಕ್ಕೆ ತನ್ನ ಮುಂದೆಯೇ ಬೇರೆಯವರು ತಲೆ ಬಾಗಿಸಿದ್ದನ್ನು ಅವನು ನೋಡಬೇಕಾಯಿತು.

ಕಾದಂಬರಿಯಲ್ಲಿ ಕೊಲೆಯ ತನಿಖೆ ಮಾಡುವ ಪತ್ತೇದಾರನೂ ಮೊದಲು ಶಿಕ್ಷಕನಾಗಿದ್ದವನು. ಶಾಲೆಯ ಪೀಡನೆಯ ಪ್ರಕರಣವೊಂದರಲ್ಲಿ ತಾನು ಸೋತೆ ಎಂಬ ಭಾರಕ್ಕೆ ಆ ಕೆಲಸ ಬಿಟ್ಟವನು. ತಪ್ಪೊಪ್ಪಿಗೆ ಕೈಗೆ ಬಂದ ಮೇಲೂ ಅವನು ಕೇಳುತ್ತಲೇ ಹೋಗುವುದು ಅದಕ್ಕೇ ಇರಬೇಕು. ಕೈಗೆ ಮೊದಲು ಸಿಗುವ ಕಾರಣ ಹೆಚ್ಚಾಗಿ ಪ್ರಶ್ನೆ ನಿಲ್ಲಲಿ ಎಂದು ಕೊಟ್ಟ ಕಾರಣ. ನಿಮ್ಮ ಮಗಳ "ಸುಮ್ನ" ಕೂಡ ಆ ಜಾತಿಯದೇ.

ಇನ್ನು ಜಪಾನಿನ ಮಾತು. ಇಂಥ ಪೀಡನೆಗೆ ಅಲ್ಲಿ ಬಳಸುವ 'ಇಜಿಮೆ' ಎಂಬ ಪದಕ್ಕೆ ಕನ್ನಡದಲ್ಲಿ ತೀರ ಹತ್ತಿರದ್ದು ಗೋಳುಹೊಯ್ದುಕೊಳ್ಳುವುದು. ಅದರಲ್ಲೊಂದು ಅಪಾಯವೂ ಇದೆ. ಅಣ್ಣ ತಂಗಿಯ ಜಡೆ ಎಳೆದರೂ "ಯಾಕೋ ಅವಳನ್ನ ಗೋಳುಹೊಯ್ಕೋತೀಯ" ಎಂದು ನಗುತ್ತಲೇ ಬೈಯುತ್ತೇವೆ. ಅಲ್ಲಿಯೂ ತಮಾಷೆಯ ಕೀಟಲೆಗೆ 'ಇಜಿರಿ' ಎಂಬ ಬೇರೆ ಪದವಿದೆ, ಎಷ್ಟೋ ಶಾಲೆಗಳಲ್ಲಿ ವರ್ಷಗಟ್ಟಲೆ ನಡೆದದ್ದನ್ನು ಆ ಪದದ ಅಡಿಯಲ್ಲಿ ಮುಚ್ಚಿದ್ದಾರೆ. 1986ರಲ್ಲಿ ಟೋಕಿಯೋದ ನಾಕಾನೊದ ಜೂನಿಯರ್ ಹೈಸ್ಕೂಲಿನ ಹುಡುಗನೊಬ್ಬ ಪ್ರಾಣ ಕಳೆದುಕೊಂಡ. ಅದಕ್ಕೂ ಮೊದಲು ಅವನು ಬದುಕಿರುವಾಗಲೇ ಸಹಪಾಠಿಗಳು ತರಗತಿಯಲ್ಲಿ ಅವನ ಶವಸಂಸ್ಕಾರದ ಆಟವಾಡಿದ್ದರು. ಬೀಳ್ಕೊಡುಗೆಯ ಹಲಗೆಗೆ ಬಹುತೇಕ ಎಲ್ಲರೂ ಸಹಿ ಹಾಕಿದ್ದರು, ನಾಲ್ವರು ಶಿಕ್ಷಕರೂ ಹಾಕಿದ್ದರು. ತಮಾಷೆ ಅಂದುಕೊಂಡಿದ್ದರು.

ಅಂಥ ಸುದ್ದಿ ಓದಿ ಜಪಾನಿನಲ್ಲಿ ಇದು ವಿಪರೀತ ಎನ್ನುವುದು ಸುಲಭ. ಅಂಕಿಯೂ ಹಾಗೇ ಕಾಣುತ್ತದೆ: 2023ನೇ ಸಾಲಿನಲ್ಲಿ ಅಲ್ಲಿನ ಶಾಲೆಗಳು ಗುರುತಿಸಿದ ಪ್ರಕರಣಗಳು 7 ಲಕ್ಷ 32 ಸಾವಿರಕ್ಕೂ ಹೆಚ್ಚು. ಈ ಅಂಕಿಯನ್ನು ಓದುವ ರೀತಿ ಬೇರೆ. 2011ರಲ್ಲಿ ಸುಮಾರು 70 ಸಾವಿರ ಇದ್ದದ್ದು 2012ರಲ್ಲಿ 1 ಲಕ್ಷ 98 ಸಾವಿರಕ್ಕೆ ಹಾರಿತು. ಒಂದೇ ವರ್ಷದಲ್ಲಿ ಮಕ್ಕಳು ಮೂರು ಪಟ್ಟು ಕೆಟ್ಟರೇ? ಓತ್ಸು ನಗರದ ಹುಡುಗನೊಬ್ಬನ ಸಾವು ದೇಶವನ್ನೇ ಅಲುಗಿಸಿತು, ಶಾಲೆಗಳು ಎಣಿಸಲು ಶುರು ಮಾಡಿದವು. 2013ರಲ್ಲಿ ಇಜಿಮೆ ತಡೆಗೆಂದೇ ಕಾನೂನು ಬಂತು. ಮಗುವಿಗೆ ನೋವಾಗಿದ್ದರೆ ಅದು ಇಜಿಮೆ, ಇಂಟರ್‌ನೆಟ್ಟಿನಲ್ಲಿ ಆದರೂ. ಮಾಡಿದವರ ಉದ್ದೇಶ ಏನಿತ್ತು ಎಂಬುದು ಆಮೇಲಿನ ಮಾತು. ಈಗ ಚಿಕ್ಕ ಚಿಕ್ಕದನ್ನೂ ದಾಖಲಿಸುವ ಶಾಲೆಯೇ ಒಳ್ಳೆಯದು. "ನಮ್ಮಲ್ಲಿ ಸೊನ್ನೆ" ಎನ್ನುವ ಶಾಲೆ ಕಂಡರೆ ನನಗೆ ಅನುಮಾನ. ನಮ್ಮ ಊರುಗಳ ಶಾಲೆಗಳಲ್ಲಿ ಯಾರೂ ಹೀಗೆ ಎಣಿಸುವುದಿಲ್ಲ, ಹಾಗಾಗಿ ಹೋಲಿಕೆಗೆ ಕೂರುವುದರಲ್ಲಿ ಅರ್ಥವಿಲ್ಲ.

ಆದರೂ ಅರ್ಧ ನಿಜ ಎಂದೆನಲ್ಲ, ಅದು ಇಲ್ಲಿದೆ. ಅಲ್ಲಿ ಒಂದು ತರಗತಿ ಅಂದರೆ ಇಡೀ ವರ್ಷದ ಸಂಸಾರ. ಪಾಠ, ಊಟ, ಕಸ ಗುಡಿಸುವುದು, ಕ್ರೀಡಾದಿನ ಎಲ್ಲ ಅದೇ ಮೂವತ್ತು ಚಿಲ್ಲರೆ ಮುಖಗಳ ಜೊತೆ. ಗುಂಪಿನ ಮನಸ್ಸು ಅರಿತು ನಡೆಯುವುದಕ್ಕೆ "ಗಾಳಿ ಓದುವುದು" ಎನ್ನುತ್ತಾರೆ. ಓದಲಾರದವನಿಗೆ ತಪ್ಪಿಸಿಕೊಳ್ಳಲು ಬೇರೆ ಕೋಣೆಯಿಲ್ಲ. ಮಾರ್ಚ್ ಕೊನೆಗೆ ಆ ಗುಂಪು ಒಡೆಯುತ್ತದೆ, ಏಪ್ರಿಲ್‌ಗೆ ಹೊಸ ತರಗತಿ.

ಕೊಲೆಯ ಕಥೆ ಓದಿ ಮಕ್ಕಳು ಕೆಡುತ್ತಾರೆ ಎಂಬ ಅತ್ತೆಯವರ ಮಾತಿಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ಅವರಿಗೆ ಇಷ್ಟು ಹೇಳಿ: ಮಹಾಭಾರತದಲ್ಲಿ ಎಷ್ಟು ಕೊಲೆಗಳಿವೆ ಎಂದು ಎಣಿಸಿ ಆಮೇಲೆ ಫೋನ್ ಮಾಡಲಿ.

ಹಾಗಾದರೆ ಮಾಡುವುದೇನು? ಪುಸ್ತಕ ತೆಗೆದಿಟ್ಟರೆ ಅವಳ ಬಳಿಯಿರುವ ಒಂದೇ ಭಾಷೆಯನ್ನು ಕಿತ್ತಂತೆ. ಮೊದಲು ನೀವೇ ಒಪ್ಪಿಕೊಳ್ಳಿ, ಅವಳ ಪುಸ್ತಕ ಕೇಳದೆ ತೆರೆದೆ, ಗೆರೆಗಳನ್ನು ನೋಡಿದೆ ಅಂತ. ಸಿಟ್ಟಾಗುತ್ತಾಳೆ. ಆಗಲಿ. ಎರಡು ಮೂರು ದಿನ ಮಾತು ಬಿಟ್ಟರೂ ತಾಳಿಕೊಳ್ಳಿ, ಮುಚ್ಚಿಟ್ಟು ಜಾಣತನದಿಂದ ಕೆದಕಿದರೆ ಅವಳಿಗೆ ಗೊತ್ತಾಗದೆ ಇರದು, ಆಗ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಆಮೇಲೆ ನಾನೂ ಓದಿದೆ ಎಂದು ಹೇಳಿ. ಬೆಕ್ಕಿನ ವಿಷಯದಲ್ಲಿ ನಾನು ಮೋಸಹೋದೆ, ನೀನು? ಎಂದು ಕೇಳಿ. ಆ ಗೆಳೆಯ ಗುಂಪು ಸೇರಿದ್ದು ನಿನಗೆ ಏನನ್ನಿಸಿತು ಎಂದು ಕೇಳಿ. ಯಾಕೆ ಎಂಬ ಪದ ಸದ್ಯಕ್ಕೆ ಬೇಡ, ಅದು ಪೊಲೀಸರ ಪದ. ಎದುರುಬದುರು ಕೂರಿಸಬೇಡಿ. ತೊಜಾಯ್ ಲೈನಿನ ರೈಲಿನಲ್ಲಿ ಅಕ್ಕಪಕ್ಕ ಕೂತಾಗ, ಪಾತ್ರೆ ಒರೆಸುವಾಗ ಬರುವ ಮಾತು ಮೇಜಿನ ಮುಂದೆ ಬರುವುದಿಲ್ಲ. ಇದರಲ್ಲಿ ಅಪಾಯವೊಂದೇ: ನೀವು ನಿರೀಕ್ಷಿಸದ ಉತ್ತರ ಬರಬಹುದು. "ನಾನೂ ಮಾಡಿದೆ" ಎಂದರೆ ತಕ್ಷಣ ಉಪದೇಶ ಶುರುಮಾಡಬೇಡಿ. ಆ ರಾತ್ರಿ ಅವಳ ಪಕ್ಕ ಮಲಗಿ.

ಶಾಲೆಯ ದಾರಿ ಹಿಡಿಯುವುದಾದರೆ ಅವಳಿಗೆ ಗೊತ್ತಿದ್ದೇ ಹಿಡಿಯಿರಿ. ಚಾಡಿ ಹೇಳಿದವರಿಗೆ ಅಲ್ಲಿನ ಮಕ್ಕಳ ನಡುವೆ ಕೆಟ್ಟ ಹೆಸರು, 'ಚಿಕುರಿ' ಎನ್ನುತ್ತಾರೆ. ತರಗತಿಯ ಶಿಕ್ಷಕರ ಬಳಿ ನೇರ ಹೋಗುವ ಮೊದಲು ಹೊಕೆನ್‌ಶಿತ್ಸು, ಅಂದರೆ ಶಾಲೆಯ ಆರೋಗ್ಯ ಕೋಣೆಯ ಶಿಕ್ಷಕಿಯನ್ನು ಕಾಣುವುದು ನನ್ನ ಅನುಭವದಲ್ಲಿ ಒಳ್ಳೆಯದು, ಯಾವ ಮಗು ಎಷ್ಟು ಸಲ ಬಂದು ಮಲಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. 1995ರಿಂದ ಶಾಲೆಗಳಿಗೆ ಆಪ್ತಸಮಾಲೋಚಕರೂ ಬರುತ್ತಾರೆ, ಸಾಮಾನ್ಯವಾಗಿ ವಾರಕ್ಕೊಂದು ದಿನ. ಭಾಷೆಯ ತೊಡಕಿದ್ದರೆ ಮಗಳನ್ನೇ ದುಭಾಷಿ ಮಾಡಬೇಡಿ, ಈ ತಪ್ಪು ನಮ್ಮವರೆಲ್ಲ ಮಾಡುತ್ತಾರೆ. ತಾರೀಕು ಹಾಕಿ ಬರೆದಿಟ್ಟುಕೊಳ್ಳಿ, ಲೈನ್ ಎಂಬ ಮೆಸೇಜ್ ಆ್ಯಪ್‌ನ ಗುಂಪಿನಲ್ಲಿ ಸಂದೇಶಗಳಿದ್ದರೆ ಅವಳ ಒಪ್ಪಿಗೆ ಪಡೆದು ಸ್ಕ್ರೀನ್‌ಶಾಟ್ ಇಡಿ. ಕ್ಷಮೆ ಕೇಳುವ ಸಭೆ ಮಾಡುತ್ತೇವೆಂದರೆ ಬೇಡ ಎನ್ನುವ ಹಕ್ಕು ನಿಮಗಿದೆ.

ಭಾರತೀಯ ಶಾಲೆಗೆ ಸೇರಿಸುವುದು ನಿಮ್ಮ ಬಡಾವಣೆಯಲ್ಲಿ ಸುಲಭ, ಅದೇ ಅದರ ತೊಂದರೆ. ವಿದೇಶಿ ಮಕ್ಕಳಿಗೆ ಅಲ್ಲಿನ ಕಡ್ಡಾಯ ಶಿಕ್ಷಣ ಅನ್ವಯಿಸುವುದಿಲ್ಲ, ಬಿಡಿಸಿಕೊಂಡು ಹೋದರೆ ಯಾರೂ ತಡೆಯುವುದಿಲ್ಲ. ಮುಂದಿನ ಶಾಲಾ ವರ್ಷದಲ್ಲಿ ಹೈಸ್ಕೂಲ್ ಪ್ರವೇಶ ಪರೀಕ್ಷೆ. ಈಗ ಬಿಟ್ಟರೆ ಮತ್ತೆ ಜಪಾನಿ ಶಾಲೆಯ ಹಾದಿಗೆ ಮರಳುವುದು ಕಷ್ಟ. ಅವಳೇ ಪೀಡೆಗೆ ಒಳಗಾಗಿ ನಲುಗಿದ್ದರೆ ಯೋಚಿಸದೆ ಬಿಡಿಸಿ, ಪರೀಕ್ಷೆ ಹಾಳಾಗಿ ಹೋಗಲಿ. ಅವಳು ನೋಡುತ್ತಿದ್ದವಳಾದರೆ, ತಾನು ಓಡಿಹೋದೆ ಎಂಬುದು ಜೊತೆಗೇ ಬರುತ್ತದೆ.

ರಜೆ ಬರುತ್ತಿರುವುದು ನಿಮ್ಮ ಅದೃಷ್ಟ. ಶಾಲೆಯಿಂದ ತರುವ ಚೀಲದಲ್ಲಿ ಉವಾಬಾಕಿ ಇರುತ್ತದೆ. ತೊಳೆಯುವಾಗ ನೋಡಿ: ಹೆಸರಿನ ಮೇಲೆ ಗೀಚಿದೆಯೇ, ಒಳಗೆ ಏನಾದರೂ ಅಂಟಿದೆಯೇ, ಜೊತೆ ಅವಳದೇ ಹೌದೇ.

ಈಗ ಮೊದಲೇ ಹೇಳಿದ ಭಾಗ. ಅಲ್ಲಿ ಮಕ್ಕಳ ವಿಷಯದಲ್ಲಿ ಎಲ್ಲರೂ ಹೆದರುವ ದಿನಗಳು ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ 1ರ ಆಸುಪಾಸು, ಶಾಲೆ ಮತ್ತೆ ತೆರೆಯುವ ಹೊತ್ತು. ಆ ವಾರ ಅವಳು ಬಾಗಿಲು ಹಾಕಿಕೊಂಡರೆ, ವಸ್ತುಗಳನ್ನು ಹಂಚಿಬಿಟ್ಟರೆ, ಹೋಗುವುದಿಲ್ಲ ಎಂದು ಅತ್ತರೆ, ಕಳಿಸಬೇಡಿ. ಒಂದು ವಾರದ ಹಾಜರಿ ಏನೂ ಅಲ್ಲ. ಸಾಯುವ ಮಾತು ಬಂದರೆ ಒಬ್ಬಳನ್ನೇ ಬಿಡಬೇಡಿ, ಅದೇ ದಿನ ವೈದ್ಯರನ್ನು ಕಾಣಿ, ಪ್ರಾಣಾಪಾಯ ಕಂಡರೆ 119ಕ್ಕೆ ಕರೆ ಮಾಡಿ. ಮಕ್ಕಳಿಗೆಂದೇ ಹಗಲುರಾತ್ರಿ ತೆರೆದಿರುವ ಉಚಿತ ಸಂಖ್ಯೆ 0120-0-78310. ಕೊನೆಯ ಅಂಕಿಗಳನ್ನು ಜಪಾನಿಯಲ್ಲಿ 'ನಯಾಮಿ ಇಓ' ಎಂದು ಓದುತ್ತಾರೆ, ಸಂಕಟ ಹೇಳಿಬಿಡೋಣ ಎಂದರ್ಥ. ನಿಮ್ಮ ಮಗಳಿಗೆ ಅದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಫ್ರಿಜ್ಜಿನ ಮೇಲೆ ಹಾಲಿನ ಲೆಕ್ಕದ ಪಕ್ಕ ಬರೆದು ಅಂಟಿಸಿ, ಅದರ ಬಗ್ಗೆ ಭಾಷಣ ಬೇಡ.

ಪುಸ್ತಕವನ್ನು ತೆಗೆದ ಜಾಗದಲ್ಲೇ ಇಡಿ. ಆಗಸ್ಟ್ ಎರಡನೇ ವಾರ ನನಗೆ ಇನ್ನೊಂದು ಪತ್ರ ಬರೆಯಿರಿ, ಅವಳು ಬೆಕ್ಕಿನ ಬಗ್ಗೆ ಏನಂದಳು ಎಂಬುದನ್ನು ಮರೆಯದೆ ತಿಳಿಸಿ.